ಬರ್ಗೆನ್ ಮಗ್ ಮೇಲಿರುವ ಊರು ನಿಜವಾಗಿಯೂ ಹಾಗೇ ಇದೆಯಾ?

ಪ್ರಶ್ನೆ: ನಮ್ಮ ಭಾವ ನಾರ್ವೆಯಿಂದ ಬರುವಾಗ ಒಂದು ಕಾಫಿ ಮಗ್ ತಂದುಕೊಟ್ಟರು. ಮೇಲೆ ‘ಬರ್ಗೆನ್’ ಅಂತ ಬರೆದಿದೆ. ಸುತ್ತಲೂ ಬಣ್ಣದ ಮನೆಗಳ ಸಾಲು, ಗುಡ್ಡ ಹತ್ತುವ ರೈಲು, ಮೀನು, ಹಾಯಿಹಡಗು, ಒಂದು ಕೊಡೆ. ಊರು ನಿಜವಾಗಿಯೂ ಹೀಗೇ ಇದೆಯಾ, ಇಲ್ಲ ಮಾರೋದಕ್ಕೆ ಅಂತ ಸುಮ್ನೆ ಚಂದ ಮಾಡಿ ಬರೆದದ್ದಾ?

ಉತ್ತರ: ಮುಕ್ಕಾಲು ಪಾಲು ನಿಜ. ಸುಳ್ಳು ಇರುವುದು ಮುಖ್ಯವಾಗಿ ಎರಡು ಕಡೆ. ಗೋಡೆಗಳು ನೆಟ್ಟಗಿವೆ, ಆಕಾಶ ನೀಲಿಯಾಗಿದೆ.

ಇಂಥದ್ದೇ ಒಂದು ಮಗ್ ನನ್ನ ಮನೆಯಲ್ಲೂ ಇದೆ. ಅದನ್ನು ಕೈಯಲ್ಲಿ ತಿರುಗಿಸುತ್ತಲೇ ಹೇಳುತ್ತೇನೆ.

ಮೊದಲು ಆ ಮನೆಗಳು. ಅವು ಮನೆಗಳೇ ಅಲ್ಲ, ಗೋದಾಮುಗಳು. ಜಾಗದ ಹೆಸರು ಬ್ರಿಗ್ಗೆನ್, ಅಂದರೆ ಹಡಗು ಬಂದು ನಿಲ್ಲುವ ಕಟ್ಟೆ. 1360ರ ಸುಮಾರಿಗೆ ಹಾನ್ಸಾ ಅನ್ನೋ ವ್ಯಾಪಾರಿ ಊರುಗಳ ಒಕ್ಕೂಟದ ಜರ್ಮನ್ ವ್ಯಾಪಾರಿಗಳು ಇಲ್ಲಿ ಕೋಠಿ ಹಾಕಿದರು. ಉತ್ತರ ನಾರ್ವೆಯಿಂದ ಒಣಮೀನು ಬರುತ್ತಿತ್ತು, ಅದಕ್ಕೆ ಬದಲಾಗಿ ಧಾನ್ಯ ಹೋಗುತ್ತಿತ್ತು. ಉಪ್ಪು ಹಾಕದೆ, ಬರೀ ಚಳಿಗಾಳಿಗೆ ನೇತುಹಾಕಿ ಒಣಗಿಸಿದ, ‘ಕಾಡ್’ ಅನ್ನೋ ಸಮುದ್ರದ ಮೀನು ಅದು. ಮಗ್ ಮೇಲೆ ಹೊಳೆಯುವ ಹಸಿಮೀನು ಬರೆದಿದ್ದಾರೆ, ಆದರೆ ಊರನ್ನು ಕಟ್ಟಿದ್ದು ಒಣಮೀನು.

ಎಲ್ಲವೂ ಮರದ ಕಟ್ಟಡ, ಹಾಗಾಗಿ ಬೆಂಕಿಯ ಭಯ ಜಾಸ್ತಿ. ಗೋದಾಮಿನ ಒಳಗೆ ಒಲೆ ಹಚ್ಚುವಂತಿರಲಿಲ್ಲ. ಅಡುಗೆಗೆ, ಮೈ ಕಾಯಿಸಿಕೊಳ್ಳೋದಕ್ಕೆ ಹಿಂಭಾಗದಲ್ಲಿ ಬೇರೆಯೇ ಮನೆಗಳಿದ್ದವು. ನಾರ್ವೆಯ ಚಳಿಗಾಲದಲ್ಲಿ ಬೆಂಕಿಯಿಲ್ಲದ ಕೋಣೆಯಲ್ಲಿ ಮಲಗುವುದನ್ನು ಊಹಿಸಿಕೊಳ್ಳಿ! ಇಷ್ಟೆಲ್ಲ ಜಾಗ್ರತೆ ಮಾಡಿದರೂ 1702ರಲ್ಲಿ ಇಡೀ ಸಾಲು ಸುಟ್ಟುಹೋಯಿತು. ಈಗ ಕಾಣುವುದು ಆಮೇಲೆ ಅದೇ ಹಳೆಯ ರೀತಿಯಲ್ಲಿ ಕಟ್ಟಿದ್ದು. 1955ರಲ್ಲಿ ಮತ್ತೆ ಬೆಂಕಿ ಬಿತ್ತು, ಒಂದು ಭಾಗ ಹೋಯಿತು.

ಆ ಬೂದಿಯ ಕೆಳಗೆ ಅಗೆದಾಗ ಸಿಕ್ಕಿದ್ದು ಮಾತ್ರ ಯಾವ ಮಗ್ ಮೇಲೂ ಇಲ್ಲ. ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯಲ್ಲಿ ಗೀರಿದ ಮರದ ತುಂಡುಗಳು, ಮೂಳೆಗಳು. ಒಟ್ಟು 600ಕ್ಕೂ ಹೆಚ್ಚು ಬರಹಗಳು. ಕೆಲವು ಸರಕಿಗೆ ಕಟ್ಟುತ್ತಿದ್ದ ಹೆಸರಿನ ಚೀಟಿಗಳು, ಕೆಲವು ಪ್ರಾರ್ಥನೆ, ಕೆಲವು ಪೋಲಿ ಮಾತು. ಒಂದು ತುಂಡಿನ ಮೇಲೆ, ನೀನು ಮನೆಗೆ ಹೋಗಬೇಕಂತೆ, ಗ್ಯೂಡಾ ಹೇಳಿದ್ದಾಳೆ ಅಂತ ಇದೆ. ಗ್ಯೂಡಾ ಯಾರೋ, ಆ ಮನುಷ್ಯ ಎಲ್ಲಿ ಕೂತಿದ್ದನೋ! ನನಗೆ ಇಡೀ ಬ್ರಿಗ್ಗೆನ್‌ಗಿಂತ ಆ ಒಂದು ಸಾಲೇ ಇಷ್ಟ.

1979ರಿಂದ ಬ್ರಿಗ್ಗೆನ್ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಉಳಿದಿರುವುದು 62 ಕಟ್ಟಡಗಳು. ಅವುಗಳ ನಡುವಿನ ಓಣಿಗೆ ಹೊಕ್ಕರೆ ಮಗ್ ಹೇಳಿದ ಸುಳ್ಳು ಗೊತ್ತಾಗುತ್ತದೆ. ಒಂದು ಗೋಡೆ ಪಕ್ಕದ ಗೋಡೆಯ ಮೇಲೆ ವಾಲಿದೆ, ಕಿಟಕಿ ಒಂದು ಕಡೆ, ಬಾಗಿಲು ಇನ್ನೊಂದು ಕಡೆ. ಕಾರಣ ನೆಲದಲ್ಲಿದೆ. ನೂರಾರು ವರ್ಷ ಕಸ, ಮರ, ಸುಟ್ಟ ಅವಶೇಷ ತುಂಬಿ ಸಮುದ್ರದ ಕಡೆ ಬೆಳೆಸಿದ ನೆಲ ಅದು. ಅಡಿಯ ಮರ ನೀರಲ್ಲಿ ಮುಳುಗಿದ್ದಷ್ಟು ದಿನ ಗಟ್ಟಿ. ನೀರಿನ ಮಟ್ಟ ಇಳಿದು ಗಾಳಿ ತಾಗಿದರೆ ಕೊಳೆಯುತ್ತದೆ, ಮೇಲಿನದು ಕುಸಿಯುತ್ತದೆ.

ನಿಮ್ಮ ಮಗ್‌ನಲ್ಲಿ ಸಾಲು ಉದ್ದವಾಗಿದ್ದರೆ ಇನ್ನೊಂದು ವಿಷಯ ಗಮನಿಸಿ. ಗೋಡೆಗೆ ಹಲಗೆಯ ಗೆರೆ ಎಳೆದಿದ್ದರೆ ಅದು ಹಳೆಯ ಮರದ ಭಾಗ. ದಕ್ಷಿಣದ ಅರ್ಧವನ್ನು 1900ರ ನಂತರ ಕೆಡವಿ, ಅದೇ ತ್ರಿಕೋನ ಮಾಡಿನ ಆಕಾರದಲ್ಲಿ ಇಟ್ಟಿಗೆಯಲ್ಲಿ ಕಟ್ಟಿದರು. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ.

ರೈಲು ಪೂರ್ತಿ ನಿಜ. ಫ್ಲೋಯಿಬಾನೆನ್ ಅಂತ ಹೆಸರು, 1918ರಲ್ಲಿ ಶುರುವಾದದ್ದು. ಎರಡು ಡಬ್ಬಿಗಳು ಒಂದೇ ಹಗ್ಗದ ಎರಡು ತುದಿಯಲ್ಲಿರುತ್ತವೆ. ಒಂದು ಇಳಿಯುವಾಗ ಅದರ ಭಾರ ಇನ್ನೊಂದನ್ನು ಎಳೆಯಲು ನೆರವಾಗುತ್ತದೆ. ನಮ್ಮ ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ ಅನ್ನಿ. ಮೇಲಿನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 320 ಮೀಟರ್ ಎತ್ತರದಲ್ಲಿದೆ.

ಹಡಗಿಗೆ ಮೂರು ಕಂಬ ಇದ್ದರೆ ಅದು ಬಹುಶಃ ‘ಸ್ಟಾಟ್ಸ್‌ರಾಡ್ ಲೆಮ್‌ಕೂಲ್’. 1914ರಲ್ಲಿ ಕಟ್ಟಿದ್ದು, ಇವತ್ತಿಗೂ ಹಾಯಿ ಬಿಚ್ಚಿ ಹೊರಡುತ್ತದೆ.

ಇನ್ನು ಕೊಡೆ. ಅದನ್ನು ಮೂಲೆಯಲ್ಲಿ ಚಿಕ್ಕದಾಗಿ ಬರೆದಿದ್ದೇ ಅನ್ಯಾಯ. ಬರ್ಗೆನ್ ಸುತ್ತ ಏಳು ಬೆಟ್ಟ ಅಂತ ಲೆಕ್ಕ, ಊರಿನ ಲಾಂಛನದಲ್ಲೂ ಏಳು ದಿಬ್ಬಗಳಿವೆ. ಎಲ್ಲಕ್ಕಿಂತ ಎತ್ತರದ್ದು 643 ಮೀಟರಿನ ಉಲ್ರಿಕೆನ್. ಅಟ್ಲಾಂಟಿಕ್‌ನಿಂದ ಬರುವ ತೇವದ ಗಾಳಿ ಈ ಬೆಟ್ಟಗಳಿಗೆ ಬಡಿದು ಮೇಲೇರಿ, ತಣ್ಣಗಾಗಿ, ಊರ ಮೇಲೇ ಸುರಿಯುತ್ತದೆ. ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ, ಒಟ್ಟು 2,000 ಮಿಲಿಮೀಟರಿಗಿಂತ ಜಾಸ್ತಿ. ಬಿಸಿಲು ಬೀಳುವ ದಿನವೂ ಇದೆ, ಮಗ್‌ಗೆ ಚಿತ್ರ ಬರೆಯುವವರು ಆವತ್ತೇ ಹೋಗಿರುತ್ತಾರೆ ಅಷ್ಟೆ.

ಕೊನೆಗೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಬೆರಳಿಂದ ಚಿತ್ರದ ಅಂಚನ್ನು ಸವರಿ ನೋಡಿ. ಸ್ವಲ್ಪ ಉಬ್ಬು ತಾಗಿದರೆ ಚಿತ್ರವನ್ನು ಮಗ್‌ನ ಹೊಳಪು ಲೇಪದ ಮೇಲೆ ಅಂಟಿಸಿ ಸುಟ್ಟಿದ್ದಾರೆ ಅಂತ ಅರ್ಥ, ಉಜ್ಜಿದರೆ ಸವೆಯುತ್ತದೆ. ನಾನು ಇದನ್ನು ತಿಳಿಯುವ ಹೊತ್ತಿಗೆ ಸ್ಟೀಲ್ ಸ್ಕ್ರಬ್ಬರ್ ಹಾಕಿ ಎರಡು ವರ್ಷ ತಿಕ್ಕಿಯಾಗಿತ್ತು. ನನ್ನ ಮಗ್ ಮೇಲಿನ ಬರ್ಗೆನ್‌ನಲ್ಲಿ ಈಗ ಆಕಾಶ ಪೂರ್ತಿ ಬೂದು.