ರಸೀದಿ ಇದೆ ಸಾರ್, ಕೇಸು ಮುಗಿದಿದೆ

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರು ಸಿಕ್ಕಿಬಿದ್ದ ದಿನ ವಕೀಲರ ಹತ್ತಿರ ಬರುವುದು ಕಡಿಮೆ. ಎರಡು ಮೂರು ವರ್ಷ ಬಿಟ್ಟು, ಯಾವುದೋ ಅರ್ಜಿ ಹಿಡಿದುಕೊಂಡು ಬರುತ್ತಾರೆ.

ಈಚೆಗೆ ಹಾಗೆ ಒಬ್ಬ ಹುಡುಗ ತಂದೆಯ ಜೊತೆ ಬಂದಿದ್ದ. ಸರ್ಕಾರಿ ಕೆಲಸಕ್ಕೆ ಆಯ್ಕೆಯಾಗಿದ್ದಾನೆ. ಭರ್ತಿ ಮಾಡಬೇಕಾದ ನಮೂನೆಯಲ್ಲಿ, ಎಂದಾದರೂ ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾಗಿದೆಯೇ ಎಂಬ ಕಾಲಂ. ಅದರ ಮುಂದೆ ಪೆನ್ಸಿಲ್‌ನಲ್ಲಿ ‘ಇಲ್ಲ’ ಎಂದು ಬರೆದುಕೊಂಡಿದ್ದ. ತಂದೆ ಜೇಬಿನಿಂದ ನಾಲ್ಕು ಮಡಿಕೆಯ ಒಂದು ರಸೀದಿ ತೆಗೆದು ಮೇಜಿನ ಮೇಲೆ ಅಂಗೈಯಿಂದ ತೀಡಿ ಇಟ್ಟರು. “ಹತ್ತು ಸಾವಿರ ಕಟ್ಟಿದೀವಿ ಸಾರ್. ಕೇಸು ಅವತ್ತೇ ಕ್ಲೋಸ್.”

ಕ್ಲೋಸ್ ಆಗಿದ್ದು ನಿಜ. ಹೇಗೆ ಆಯಿತು ಅನ್ನುವುದನ್ನು ಯಾರೂ ಕೇಳಿಕೊಳ್ಳುವುದಿಲ್ಲ.

ಹೆಲ್ಮೆಟ್ ಹಾಕದ್ದಕ್ಕೆ ರಸ್ತೆಯಲ್ಲೇ ಕಟ್ಟುವ ದಂಡ ಬೇರೆ. ಅದು ರಾಜಿಯಾಗಬಲ್ಲ ಅಪರಾಧ, ಕೋರ್ಟಿಗೆ ಹೋಗದೆ ಮುಗಿಯುತ್ತದೆ. ಕುಡಿದು ಓಡಿಸುವುದಕ್ಕೆ ಹಾಕುವ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹಾಗೆ ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿಲ್ಲ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿ ಆಲ್ಕೋಹಾಲ್ ಇದ್ದರೆ (ಅದು ಎಷ್ಟು ಪೆಗ್ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ) ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಜೈಲು ಎರಡು ವರ್ಷದವರೆಗೆ, ದಂಡ 15,000. ಲೈಸೆನ್ಸ್ ಮತ್ತು ವಿಮೆಯ ತಾಪತ್ರಯ ಬೇರೆ. ಅದು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಇದು. ಮ್ಯಾಜಿಸ್ಟ್ರೇಟರು ಆರೋಪ ಓದಿ ಹೇಳಿ, ಒಪ್ಪುತ್ತೀರಾ ಎನ್ನುತ್ತಾರೆ. ಹಿಂದೆ ಉದ್ದದ ಸಾಲು, ಮಧ್ಯಾಹ್ನ ಡ್ಯೂಟಿಗೆ ಹೋಗಬೇಕು. “ಹೂಂ ಸ್ವಾಮಿ” ಎಂದುಬಿಡುತ್ತಾರೆ. ಆ ‘ಹೂಂ’ ತಪ್ಪೊಪ್ಪಿಗೆ. ಅದರ ಮೇಲೆ ಬರುವುದು ದೋಷಿ ಎಂಬ ತೀರ್ಪು. ಆಮೇಲೆ ಕಟ್ಟುವ ದಂಡವೇ ಶಿಕ್ಷೆ. ಜೈಲಿಗೆ ಹೋದರೆ ಮಾತ್ರ ಶಿಕ್ಷೆ ಎಂದು ನಮ್ಮ ಜನಕ್ಕೆ ಯಾರು ಹೇಳಿಕೊಟ್ಟರೋ, ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಆ ತಂದೆಗೆ ಮೂರು ಸಲ ಹೇಳಿದೆ. ನಿಮ್ಮ ಮಗ ಶಿಕ್ಷೆ ಅನುಭವಿಸಿದ್ದಾನೆ ಅನ್ನುವುದಕ್ಕೆ ಈ ರಸೀದಿಯೇ ಸಾಕ್ಷಿ ಅಂದೆ. ಅವರು ರಸೀದಿಯನ್ನು ಮೆಲ್ಲಗೆ ಮಡಿಚಿ ಜೇಬಿಗೆ ಹಾಕಿಕೊಂಡರು.

ಒಪ್ಪಿಕೊಂಡ ಮೇಲೆ ಮೇಲ್ಮನವಿಯ ದಾರಿಯೂ ಕಿರಿದು. ಸಾಮಾನ್ಯವಾಗಿ ಶಿಕ್ಷೆಯ ಪ್ರಮಾಣ ಮತ್ತು ಅದು ಕಾನೂನುಬದ್ಧವೇ ಎಂಬುದನ್ನು ಬಿಟ್ಟು ಬೇರೇನೂ ಎತ್ತಲಾಗದು. ಹಾಗಂತ ಎಲ್ಲರೂ ಕೇಸು ನಡೆಸಿ ಎನ್ನುತ್ತಿಲ್ಲ. ಪೊಲೀಸರು ಯಂತ್ರಕ್ಕೆ ಊದಿಸಿ ತೆಗೆದ ಚೀಟಿ ಸರಿಯಾಗಿದ್ದರೆ ಒಪ್ಪಿಕೊಳ್ಳುವುದೇ ಎಷ್ಟೋ ಸಲ ಮೇಲು. ಏನನ್ನು ಒಪ್ಪುತ್ತಿದ್ದೀರಿ ಎಂದು ತಿಳಿದು ಒಪ್ಪಿ, ಅಷ್ಟೆ.

ಹುಡುಗನ ಅಳು ಮುಖ ನೋಡಿ, ಹೆದರಬೇಡಪ್ಪ ಅಂದೆ. ಇಂಥ ವಿಷಯ ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಕೆಲಸ ಹೋಗಬಹುದು. ನಿಜ ಬರೆದರೆ ಕೆಲಸ ಕೊಡಲೇಬೇಕೆಂದೇನೂ ಇಲ್ಲ, ಆದರೆ ಅಪರಾಧದ ಸ್ವರೂಪ ನೋಡಿ ತೀರ್ಮಾನಿಸಬೇಕಾಗುತ್ತದೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಹೆಚ್ಚುಕಡಿಮೆ ಇದೇ. ತೀರ್ಪಿನ ದೃಢೀಕೃತ ನಕಲು ತೆಗೆಸಿದೆವು. ‘ಇಲ್ಲ’ ಅನ್ನುವುದನ್ನು ಅಳಿಸಿ ಪ್ರಕರಣದ ಸಂಖ್ಯೆ, ಕಲಂ, ದಂಡ ಎಲ್ಲ ಬರೆಸಿ, ನಕಲು ಲಗತ್ತಿಸಿ ಕಳಿಸಿದೆ. ನೇಮಕಾತಿ ಆದೇಶ ಇನ್ನೂ ಬಂದಿಲ್ಲ. ಎರಡು ದಿನಕ್ಕೊಮ್ಮೆ ತಂದೆ ಫೋನ್ ಮಾಡುತ್ತಾರೆ.