ಇಂಡೆಕ್ಸಿನಲ್ಲಿ ‘ಫ್ಯಾರಿಂಗ್ಡನ್’ ಇದೆ, ಫ್ಯಾರಿಂಗ್ಡನ್ ಚರ್ಚಿನಲ್ಲಿ ಹೆಸರಿಲ್ಲ: ಯಾಕೆ?

ಪ್ರಶ್ನೆ: ಇಂಗ್ಲೆಂಡಿನ 1862ರ ಜನನ ಇಂಡೆಕ್ಸಿನಲ್ಲಿ ನಮ್ಮ ತಾಯಿಯ ಮುತ್ತಜ್ಜನ ಹೆಸರಿನ ಎದುರು ‘ಫ್ಯಾರಿಂಗ್ಡನ್ 2ಸಿ’ ಎಂದಿದೆ. ಫ್ಯಾರಿಂಗ್ಡನ್ ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಮಾತ್ರ ಹೆಸರಿಲ್ಲ. ಪುಟ ಕಳೆದುಹೋಗಿದೆಯೇ? ರೂರಲ್ ಡಿಸ್ಟ್ರಿಕ್ಟ್ ಕಚೇರಿಗೆ ಬರೆಯಬೇಕೇ?

ಉತ್ತರ: ಪುಟ ಕಳೆದಿರಲಿಕ್ಕಿಲ್ಲ. ನೀವು ಹುಡುಕಬೇಕಾದ ಊರೇ ಬೇರೆ ಇರಬಹುದು.

ಎಷ್ಟು ಸಲ ಹೇಳಿದರೂ ಮತ್ತೆ ತಲೆ ಎತ್ತುವ ನಂಬಿಕೆ ಇದು: ಇಂಡೆಕ್ಸಿನಲ್ಲಿರುವ ಹೆಸರೇ ಹುಟ್ಟೂರು. ಅಲ್ಲವೇ ಅಲ್ಲ. ಅದು ಹುಟ್ಟನ್ನು ಬರೆದುಕೊಂಡ ನೋಂದಣಿ ಜಿಲ್ಲೆಯ ಹೆಸರು. 1837ರ ಜುಲೈ 1ರಂದು ಸರ್ಕಾರಿ ನೋಂದಣಿ ಶುರುವಾದಾಗ ಹೊಸದಾಗಿ ಗಡಿ ಹಾಕುವ ಗೋಜಿಗೆ ಹೋಗಲಿಲ್ಲ. ಬಡವರ ಪೋಷಣೆಗೆಂದು 1834ರ ಕಾಯ್ದೆಯಡಿ ಪ್ಯಾರಿಷ್‌ಗಳನ್ನು (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶಗಳನ್ನು) ಗುಂಪು ಮಾಡಿ ‘ಯೂನಿಯನ್’ ಕಟ್ಟಿಯಾಗಿತ್ತು. ಅವನ್ನೇ ಎತ್ತಿಕೊಂಡರು. ಗುಂಪಿಗೆ ಸಾಮಾನ್ಯವಾಗಿ ನಡುವಿನ ಸಂತೆಪೇಟೆಯ ಹೆಸರು. ಹೀಗಾಗಿ ಅಫಿಂಗ್ಟನ್, ಆಶ್‌ಬರಿ, ಬಸ್ಕಟ್, ಕೋಲ್ಸ್‌ಹಿಲ್, ಶ್ರಿವನ್‌ಹ್ಯಾಮ್, ಸ್ಟ್ಯಾನ್‌ಫರ್ಡ್ ಇನ್ ದ ವೇಲ್, ಇಲ್ಲೆಲ್ಲ ಹುಟ್ಟಿದ ಕೂಸುಗಳೂ ಇಂಡೆಕ್ಸಿನಲ್ಲಿ ‘ಫ್ಯಾರಿಂಗ್ಡನ್’.

ಇನ್ನೂ ನಂಬಿಕೆ ಬರದಿದ್ದರೆ ಲೆಚ್‌ಲೇಡ್ ನೋಡಿ. ಫ್ಯಾರಿಂಗ್ಡನ್ ಆಗ ಬರ್ಕ್‌ಷೈರ್ ಕೌಂಟಿಯಲ್ಲಿತ್ತು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು), ಥೇಮ್ಸ್ ದಂಡೆಯ ಈ ಊರು ಗ್ಲಾಸ್ಟರ್‌ಷೈರಿನದು. ಆ ಕೌಂಟಿಯ ಸಂಪುಟ ಸಂಖ್ಯೆ 6ಎ. ಆದರೆ ಯೂನಿಯನ್ ಫ್ಯಾರಿಂಗ್ಡನ್‌ನದು, ಹಾಗಾಗಿ ಅಲ್ಲಿನ ಮಗು ಬರ್ಕ್‌ಷೈರಿನ 2ಸಿ ಸಂಪುಟದಲ್ಲಿ ಕೂತಿದೆ. ಇಂಡೆಕ್ಸನ್ನೇ ನಂಬಿದವರು ಊರನ್ನಷ್ಟೇ ಅಲ್ಲ, ಕೌಂಟಿಯನ್ನೂ ತಪ್ಪಿ ಬರೆದುಕೊಳ್ಳುತ್ತಾರೆ.

ಪಟ್ಟಣದಲ್ಲೇ ಇದ್ದ ಕುಟುಂಬಗಳನ್ನು ಬಿಟ್ಟರೆ, ಈ ನಂಬಿಕೆ ಇನ್ನೊಂದು ಕಡೆ ಆಕಸ್ಮಿಕವಾಗಿ ನಿಜವಾಗುತ್ತದೆ. ಯೂನಿಯನ್ನಿನ ವರ್ಕ್‌ಹೌಸ್, ಅಂದರೆ ಗತಿಯಿಲ್ಲದವರಿಗೆ ಆಸರೆ ಕೊಟ್ಟು ದುಡಿಸುತ್ತಿದ್ದ ಮನೆ, ಫ್ಯಾರಿಂಗ್ಡನ್ ಪಟ್ಟಣದಲ್ಲಿತ್ತು. ಗತಿಯಿಲ್ಲದ ಬಸುರಿ ಯಾವ ಹಳ್ಳಿಯವಳಾದರೂ ಹೆರಿಗೆಗೆ ಅಲ್ಲಿಗೆ ಬಂದಿರಬಹುದು. ಆಗಲೂ ಕುಟುಂಬದ ಊರು ಫ್ಯಾರಿಂಗ್ಡನ್ ಅಲ್ಲ.

ಇನ್ನು ರೂರಲ್ ಡಿಸ್ಟ್ರಿಕ್ಟ್, ಅಂದರೆ ಹಳ್ಳಿಗಳ ಸ್ಥಳೀಯ ಆಡಳಿತದ ಘಟಕ. ಅದು ಹುಟ್ಟಿದ್ದು 1894ರ ಕಾಯ್ದೆಯಿಂದ, ಮುಗಿದದ್ದು 1974ರ ಮಾರ್ಚ್ 31ಕ್ಕೆ. 1862ರ ಮಗುವಿನ ಮುಂದೆ ವಂಶವೃಕ್ಷದಲ್ಲಿ ‘ಫ್ಯಾರಿಂಗ್ಡನ್ ರೂರಲ್ ಡಿಸ್ಟ್ರಿಕ್ಟ್’ ಎಂದು ಬರೆದರೆ, ಕೂಸಿಗೆ 32 ವರ್ಷವಾದ ಮೇಲೆ ಹೊಲಿಸಿದ ಕುಲಾವಿ ಅದು. ಆ ಕೌನ್ಸಿಲ್ ನೋಡಿಕೊಂಡದ್ದು ಚರಂಡಿ, ನೀರು, ಬಾಡಿಗೆ ಮನೆ, ಮನೆಗಂದಾಯ. ಜನನ ಬರೆದುಕೊಳ್ಳುವುದು ಅದರ ಕೆಲಸವಾಗಿರಲಿಲ್ಲ. ನಿಮಗೆ ಆ ಹೆಸರು ಎದುರಾಗುವುದು 1901ರ ಜನಗಣತಿ ಹಾಳೆಯ ತಲೆಬರಹದಲ್ಲಿ, 1939ರ ಸೆಪ್ಟೆಂಬರ್ 29ರಂದು ದೇಶದ ಜನರನ್ನೆಲ್ಲ ಬರೆದುಕೊಂಡ ರಿಜಿಸ್ಟರಿನಲ್ಲಿ. 1891ರ ಹಾಳೆಯಲ್ಲಿ ಅದೇ ಜಾಗದಲ್ಲಿರುವುದು ‘ರೂರಲ್ ಸ್ಯಾನಿಟರಿ ಡಿಸ್ಟ್ರಿಕ್ಟ್’. ಎರಡನ್ನೂ ಒಂದೇ ಎಂದು ನಕಲು ಮಾಡಬೇಡಿ.

ಸರಿ, ಹಳ್ಳಿ ಹಿಡಿಯುವುದು ಹೇಗೆ? ಜನನ ಪ್ರಮಾಣಪತ್ರ ತರಿಸಿ, ಮೊದಲ ಕಾಲಂ ಓದಿ: ‘ಯಾವಾಗ, ಎಲ್ಲಿ ಹುಟ್ಟಿದ್ದು’. ಉತ್ತರ ಅಲ್ಲಿದೆ. ಏಳನೇ ಕಾಲಂನಲ್ಲಿರುವುದು ಸುದ್ದಿ ಕೊಟ್ಟವರ ವಿಳಾಸ; ಅದು ಅಜ್ಜಿಯ ಮನೆಯೂ ಆಗಿರಬಹುದು. ತರಿಸುವ ಮುಂಚೆ ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಇಂಡೆಕ್ಸಿನಲ್ಲಿ ತಾಯಿಯ ತವರಿನ ಅಡ್ಡಹೆಸರು ಹೊಂದುತ್ತದೆಯೇ ನೋಡಿಕೊಳ್ಳಿ, ಅಲ್ಲಿ 1837ರಿಂದಲೇ ಇದೆ. ಹಳೆಯ ತ್ರೈಮಾಸಿಕ ಇಂಡೆಕ್ಸಿನಲ್ಲಿ ಅದು ಬರುವುದು 1911ರ ಸೆಪ್ಟೆಂಬರ್‌ನಿಂದ ಮಾತ್ರ. ತ್ರೈಮಾಸಿಕ ಎಣಿಸುವುದು ನೋಂದಣಿಯ ದಿನದಿಂದ, ಹುಟ್ಟಿದ ದಿನದಿಂದಲ್ಲ. ಗಡುವು 42 ದಿನ. ಹಾಗಾಗಿ ಫೆಬ್ರವರಿ ಕೊನೆಯ ಮಗು ಜೂನ್ ಪಟ್ಟಿಯಲ್ಲಿದ್ದರೆ (ಏಪ್ರಿಲ್‌ನಿಂದ ಜೂನ್‌ವರೆಗಿನದು) ಗಾಬರಿ ಬೇಡ. ಪ್ರಮಾಣಪತ್ರಕ್ಕೆ ದುಡ್ಡು ಸುರಿಯಲು ಮನಸ್ಸಿಲ್ಲದಿದ್ದರೆ 1851ರಿಂದ ಈಚಿನ ಜನಗಣತಿಯ ಹುಟ್ಟೂರಿನ ಕಾಲಂ ಇದೆ. ಒಂದು ಗಣತಿ ಸಾಲದು, ಎರಡು ಮೂರು ಹೋಲಿಸಿ.

ಹಳ್ಳಿ ಸಿಕ್ಕಿದ ಮೇಲೂ ಚರ್ಚ್ ಬೇರೆ ಊರಿನಲ್ಲಿರಬಹುದು. 1866ರ ನಂತರದ ಸಿವಿಲ್ ಪ್ಯಾರಿಷ್ (ಆಡಳಿತಕ್ಕೆಂದು ಮಾಡಿದ್ದು) ಬೇರೆ, ಚರ್ಚಿನ ಪ್ಯಾರಿಷ್ ಬೇರೆ. ವಾಚ್‌ಫೀಲ್ಡ್, ಬೋರ್ಟನ್, ಲಾಂಗ್‌ಕಟ್, ಫರ್ನ್‌ಹ್ಯಾಮ್ ನಾಲ್ಕೂ ಮೊದಲು ಶ್ರಿವನ್‌ಹ್ಯಾಮ್ ಎಂಬ ಒಂದೇ ದೊಡ್ಡ ಪ್ಯಾರಿಷ್‌ನವು. ಬಾಲ್ಕಿಂಗ್, ವುಲ್‌ಸ್ಟನ್ ಅಫಿಂಗ್ಟನ್‌ಗೆ ಸೇರಿದ್ದವು. ಹೀಗೆ ಸೇರಿದ್ದ ಹಳ್ಳಿಯ ಪುಸ್ತಕದಲ್ಲಿ ಹೆಸರು ಸಿಗದಿದ್ದರೆ ಅದರ ತಾಯಿ ಚರ್ಚಿನ (ಹಳೆಯ ದೊಡ್ಡ ಪ್ಯಾರಿಷ್‌ನ ಚರ್ಚಿನ) ಪುಸ್ತಕ ತೆರೆಯಿರಿ.

ಪುಸ್ತಕಗಳು ಎಲ್ಲಿವೆ? ಈ ಹಳ್ಳಿಗಳು 1974ರಲ್ಲಿ ಆಕ್ಸ್‌ಫರ್ಡ್‌ಷೈರಿಗೆ ಹೋದವು. ಬರ್ಕ್‌ಷೈರಿನ ಹೆಮ್ಮೆಯಾಗಿದ್ದ ಅಫಿಂಗ್ಟನ್ ಬೆಟ್ಟದ ಬಿಳಿ ಕುದುರೆಯೂ (ಇಳಿಜಾರಿನಲ್ಲಿ ಸುಣ್ಣದ ಕಲ್ಲಿನಿಂದ ಮೂಡಿಸಿದ ದೊಡ್ಡ ಚಿತ್ರ) ಹೋಯಿತು. ಚರ್ಚಿನ ಮೂಲ ಪುಸ್ತಕಗಳು ಮಾತ್ರ ರೆಡಿಂಗ್‌ನ ಬರ್ಕ್‌ಷೈರ್ ದಾಖಲೆಗಾರದಲ್ಲೇ ಉಳಿದವು. 1836ರವರೆಗೆ ಬರ್ಕ್‌ಷೈರ್ ಸಾಲ್ಸ್‌ಬರಿ ಬಿಷಪ್ಪರ ಕೈಕೆಳಗಿತ್ತು, ಅದಕ್ಕೇ ಅವರಿಗೆ ಕಳಿಸಿದ ನಕಲುಗಳಿಗೆ ಚಿಪ್ಪನ್‌ಹ್ಯಾಮ್‌ನ ವಿಲ್ಟ್‌ಷೈರ್ ದಾಖಲೆಗಾರದ ಕ್ಯಾಟಲಾಗನ್ನೂ ನೋಡಬೇಕು.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಬೆಂಗಳೂರಿನ ದಂಡಿನಲ್ಲಿದ್ದ ಸೋಲ್ಜರನ ಮೂಲ ಹುಡುಕುವವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಲಂಡನ್ನಿನ ಕ್ಯೂ ದಾಖಲೆಗಾರದ ಡಬ್ಲ್ಯೂಒ 97 ಸರಣಿಯ ಬಿಡುಗಡೆ ಪತ್ರದಲ್ಲಿ ಅಚ್ಚಾದ ಸಾಲು ಇರುವುದು ಹೀಗೆ: ‘ಇಂಥ ಪ್ಯಾರಿಷ್‌ನಲ್ಲಿ, ಇಂಥ ಪಟ್ಟಣದಲ್ಲಿ ಅಥವಾ ಅದರ ಹತ್ತಿರ, ಇಂಥ ಕೌಂಟಿಯಲ್ಲಿ ಜನನ’. ಮೂರು ಖಾಲಿ ಜಾಗ. ಪಟ್ಟಣದ ಜಾಗದಲ್ಲಿ ‘ಫ್ಯಾರಿಂಗ್ಡನ್’ ಕಂಡೊಡನೆ ಬರೆದುಕೊಂಡು ಪುಟ ಮುಚ್ಚುತ್ತಾರೆ. ಬೇಕಾದ ಹಳ್ಳಿ ಮೊದಲ ಜಾಗದಲ್ಲಿದೆ. 1883ಕ್ಕೆ ಮುಂಚೆ ಈ ಸರಣಿಯಲ್ಲಿ ಹೆಚ್ಚಾಗಿ ಸಿಗುವುದು ಪಿಂಚಣಿ ಪಡೆದು ಬಿಡುಗಡೆಯಾದವರು ಮಾತ್ರ. ಸೇವೆಯಲ್ಲಿದ್ದಾಗಲೇ ಬೆಂಗಳೂರಿನಲ್ಲಿ ತೀರಿಕೊಂಡವನಿಗೆ ಅಲ್ಲಿ ತಡಕಾಡಬೇಡಿ. ಅವನ ಸಮಾಧಿಯ ದಾಖಲೆ ಬ್ರಿಟಿಷ್ ಲೈಬ್ರರಿಯ ಮದ್ರಾಸ್ ಚರ್ಚ್ ವರದಿಗಳಲ್ಲಿ, ಎನ್/2 ಸರಣಿಯಲ್ಲಿ ಇರುತ್ತದೆ.