ಏಪ್ರಿಲ್ 14ಕ್ಕೆ ಅಗ್ನಿಶಾಮಕ ಠಾಣೆಯಲ್ಲಿ ಹೂವು ಯಾರಿಗೆ?

ಪ್ರಶ್ನೆ: ಏಪ್ರಿಲ್ 14ರಂದು ಬಾಗಲಕೋಟೆಯಲ್ಲಿ ಅಗ್ನಿಶಾಮಕ ಸಿಬ್ಬಂದಿ ಸಾಲಾಗಿ ನಿಂತು ಹೂವು ಅರ್ಪಿಸುತ್ತಿದ್ದರು. ಅಂಬೇಡ್ಕರ್ ಜಯಂತಿ ಇರಬೇಕು ಅಂದುಕೊಂಡೆ, ಆದರೆ ಬಾಬಾಸಾಹೇಬರ ಫೋಟೊ ಕಾಣಲಿಲ್ಲ. ಕೇಳಿದರೆ ಮುಂಬೈಯಲ್ಲಿ ಸತ್ತವರಿಗೆ ಅಂದರು. ಅಲ್ಲಿಯವರಿಗೆ ಇಲ್ಲೇಕೆ ಗೌರವ?

ಉತ್ತರ: ಎರಡೂ ಒಂದೇ ದಿನ ಬಂದದ್ದು ಕಾಕತಾಳೀಯ. ಬಾಬಾಸಾಹೇಬರು ಹುಟ್ಟಿದ್ದು 1891ರ ಏಪ್ರಿಲ್ 14ರಂದು. ಠಾಣೆಯವರು ನೆನೆಯುವುದು 1944ರ ಅದೇ ತಾರೀಖನ್ನು.

ಅಂದು ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ನಿಂತಿತ್ತು. ಮಹಾಯುದ್ಧದ ಕಾಲ. ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ, ಅದರ ಜೊತೆಗೆ ಕರಾಚಿಯಲ್ಲಿ ಹೇರಿದ ಸಾವಿರಾರು ಬೇಲು ಹತ್ತಿ! ಜಿನ್ನಿಂಗ್ ಫ್ಯಾಕ್ಟರಿ ಕಂಡ ನಮ್ಮ ಕಡೆಯವರಿಗೆ ಹತ್ತಿಯ ಬೆಂಕಿಯ ಸ್ವಭಾವ ಬಿಡಿಸಿ ಹೇಳಬೇಕಿಲ್ಲ. ಹೊರಗೆ ಬರೀ ಹೊಗೆ, ಬೇಲಿನ ಹೊಟ್ಟೆಯಲ್ಲಿ ಕೆಂಡ; ಮೇಲೆ ಎಷ್ಟು ನೀರು ಹೊಡೆದರೂ ಒಳಗಿನದು ಆರುವುದಿಲ್ಲ. ಅಲ್ಲೂ ಹಾಗೇ ಆಯಿತು. 900 ಟನ್ನಿಗೂ ಹೆಚ್ಚು ನೀರು ಸುರಿದರೂ ಬೆಂಕಿ ಹೊತ್ತಿದ ಜಾಗ ಸಿಗಲಿಲ್ಲ, ನೀರೇ ಕುದಿಯತೊಡಗಿತು. ಸಂಜೆ 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ತಾಸಿನೊಳಗೆ ಅದಕ್ಕಿಂತ ದೊಡ್ಡದು. ಸತ್ತವರ ಅಂದಾಜು 800ರಿಂದ 1,300ರವರೆಗೆ ಹೋಗುತ್ತದೆ. ಅವರಲ್ಲಿ 66 ಮಂದಿ ಮುಂಬೈ ಅಗ್ನಿಶಾಮಕ ದಳದವರು. ಹಡಗಿನಲ್ಲಿ ಚಿನ್ನದ ಗಟ್ಟಿಗಳೂ ಇದ್ದವು, ಅವು ಸಿಡಿದು ದೂರದೂರ ಬಿದ್ದವು. ಈ ಕಥೆ ಹೇಳುವವರು ಚಿನ್ನದ ಬಗ್ಗೆ ಹೇಳುವಷ್ಟು ಆ 66 ಮಂದಿಯ ಬಗ್ಗೆ ಹೇಳುವುದಿಲ್ಲ ಎಂಬುದು ನನ್ನ ತಕರಾರು.

ಅವರ ಸ್ಮಾರಕ ಇರುವುದು ಮುಂಬೈಯ ಬೈಕುಲಾದಲ್ಲಿ, ಅಗ್ನಿಶಾಮಕ ದಳದ ಕೇಂದ್ರ ಕಚೇರಿಯ ಆವರಣದಲ್ಲಿ. ಆ ದಿನವೇ ಈಗ ದೇಶಕ್ಕೆಲ್ಲ ಅಗ್ನಿಶಾಮಕ ಸೇವಾ ದಿನ. 14ರಿಂದ 20ರವರೆಗೆ ಸಪ್ತಾಹ. ಮೇ 4ಕ್ಕೆ ಅಂತರರಾಷ್ಟ್ರೀಯ ದಿನವೂ ಒಂದಿದೆ. 1998ರಲ್ಲಿ ಆಸ್ಟ್ರೇಲಿಯಾದ ಲಿಂಟನ್ ಬಳಿ ಕಾಡಿನ ಬೆಂಕಿಗೆ ಐವರು ಬಲಿಯಾದ ಮೇಲೆ ಬಂದದ್ದು. ನಮ್ಮ ಕಡೆ ಅದರ ಸದ್ದು ಕಡಿಮೆ.

ಇನ್ನು "ಅಲ್ಲಿಯವರು" ಎಂಬ ಮಾತು. 1944ರಲ್ಲಿ ಬೆಳಗಾವಿ, ವಿಜಾಪುರ ಎರಡೂ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ನಿಮ್ಮ ಬಾಗಲಕೋಟೆ ವಿಜಾಪುರ ಜಿಲ್ಲೆಯೊಳಗಿತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆಗ ನಮಗೂ ಮುಂಬೈಯೇ ರಾಜಧಾನಿ. 1956ರಲ್ಲಿ ಗಡಿ ಬದಲಾಯಿತು ಅಂತ ಆ 66 ಮಂದಿ ಪರಕೀಯರಾಗುತ್ತಾರೆಯೇ?

ಹೂವು ಇಟ್ಟು ಎರಡು ನಿಮಿಷ ಮೌನವಾಗಿ ನಿಂತರೆ ಸಾಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮೂರುಗಳ ವೀರಗಲ್ಲು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ದನ ಹೊಡೆದುಕೊಂಡು ಹೋದವರನ್ನು ತಡೆಯಲು ಹೋಗಿ ಸತ್ತವನೆಂದರೆ ಕಲ್ಲಿನಲ್ಲಿ ದನಗಳೂ ಇರುತ್ತವೆ. ಅಕ್ಷರ ಬಾರದವನಿಗೂ ಸಾವಿನ ಕಾರಣ ತಿಳಿಯುತ್ತಿತ್ತು. ಇವತ್ತಿನ ಫಲಕಗಳಲ್ಲಿ ಹೆಸರು, ತಾರೀಖು, "ಹುತಾತ್ಮ" ಎಂಬ ಒಂದು ಮಾತು, ಅಲ್ಲಿಗೆ ಮುಗಿಯಿತು. ಯಾವ ಬೆಂಕಿ, ಒಳಗೆ ಏನು ತುಂಬಿತ್ತು, ಏನು ತಪ್ಪಿತು ಎಂದು ಎರಡು ಸಾಲು ಕೆತ್ತಿಸಿದರೆ ಹೊಸದಾಗಿ ಸೇರಿದ ಹುಡುಗನಿಗೆ ಅದೇ ಪಾಠ. ಸ್ಫೋಟಕ ಇದ್ದ ಹಡಗು ಕೆಂಪು ಬಾವುಟ ಹಾರಿಸಬೇಕಿತ್ತು, ಫೋರ್ಟ್ ಸ್ಟಿಕೀನ್ ಹಾರಿಸಿರಲಿಲ್ಲ. ಇಂಥ ಮಾತು ಕಲ್ಲಿನ ಮೇಲೆ ಇರಬೇಕು.

ಸಪ್ತಾಹದಲ್ಲಿ ಠಾಣೆಯವರು ಅಣಕು ಪ್ರದರ್ಶನ ನಡೆಸುತ್ತಾರೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಮುಂದೆ ಯಾವಾಗಲಾದರೂ 101ಕ್ಕೆ ಕರೆ ಮಾಡುವ ಪ್ರಸಂಗ ಬಂದರೆ ವಿಳಾಸದ ಜೊತೆಗೆ ಒಳಗೆ ಏನಿದೆ ಎಂಬುದನ್ನೂ ಹೇಳಿ: ಹತ್ತಿಯೋ, ಸಿಲಿಂಡರೋ, ಪಟಾಕಿಯೋ, ಗೊಬ್ಬರವೋ.